ಒಂದು ಪಟ್ಟೆ ಜಾಸ್ತಿ

ತಿಮ್ಮಪ್ಪ ನನ್ನನ್ನು ಕೇಳಿದ್ದು ಒಂದೇ ಒಂದು. ವ್ಯಾನು ಮೆತ್ತಗೆ ಓಡಬೇಕು ಎಂದು. ನಾನು ಗಟ್ಟಿ ಮಾಡಿಕೊಟ್ಟೆ. ಅವನ ಮಾತು ಕಿವಿಗೆ ಬೀಳಲಿಲ್ಲ ಎಂದಲ್ಲ, ಚೆನ್ನಾಗಿಯೇ ಬಿದ್ದಿತ್ತು. ಆದರೂ ಗಟ್ಟಿ ಮಾಡಿಕೊಟ್ಟೆ, ಅದೂ ಪ್ರೀತಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟುಕೊಂಡು ಒಳ್ಳೆಯವನ ಹಾಗೆ ನಿಲ್ಲುವುದು ನನ್ನ ಕೈಲಾಗದು.

ನನ್ನ ಹೆಸರು ಶಿವಣ್ಣ. ತಮಿಳು ಸೀಮೆಯ ನಲ್ಲಂಪಳ್ಳಿಯಿಂದ ಸೇಲಂ ಕಡೆಗೆ ಹೋಗುವ ರಸ್ತೆಯಲ್ಲಿ, ಹುಣಸೆಮರದ ಕೆಳಗೆ ತಗಡಿನ ಶೆಡ್ಡು ನನ್ನದು. ಲಾರಿ, ವ್ಯಾನುಗಳಿಗೆ ಪಟ್ಟೆ ಕಟ್ಟುವುದು ನನ್ನ ಕೆಲಸ. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಏಳೆಂಟು ಜೋಡಿಸಿ ಅಚ್ಚಿಗೆ ಬಿಗಿದಿರುತ್ತಾರಲ್ಲ, ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಪಟ್ಟೆ ಬದಲಾಯಿಸಿದ ಮೇಲೆ ಚಕ್ರಗಳು ನೆಟ್ಟಗಿವೆಯೇ ಎಂದು ನೋಡಬೇಕು. ಸೇಲಂನಲ್ಲಿ ಅದಕ್ಕೆ ಆಗಲೇ ಮಿಷನ್ ಬಂದಿತ್ತು. ನನಗೆ ಮಿಷನ್ ಬೇಕಿರಲಿಲ್ಲ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ನೂಲು ಹಿಡಿದು, ಕೂತು, ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಎಳ್ಳುಕಾಳಿನಷ್ಟು ಸೊಟ್ಟಗಿದ್ದರೂ ಗೊತ್ತಾಗುತ್ತಿತ್ತು. ಬೇರೆಯವರ ಗಾಡಿಯ ಸೊಟ್ಟವೆಲ್ಲ ಕಾಣುತ್ತಿತ್ತು. ತನ್ನ ಬೆನ್ನು ಮಾತ್ರ ತನಗೆ ಕಾಣದು ಎನ್ನುತ್ತಾರಲ್ಲ, ಹಾಗಿದ್ದೆ ನಾನು.

ನಮ್ಮ ಸೀಮೆಯ ಡ್ರೈವರುಗಳಿಗೆಲ್ಲ ಒಂದೇ ಚಪಲ. ಕಂಪನಿಯವರು ಏಳು ಪಟ್ಟೆ ಕೊಟ್ಟಿದ್ದರೆ ಇವರಿಗೆ ಎಂಟು ಬೇಕು. ಒಂದು ಟನ್ನಿನ ಗಾಡಿಯಲ್ಲಿ ಎರಡು ಟನ್ ಮರಗೆಣಸು ತುಂಬಿ ಸೇಲಂನ ಸಬ್ಬಕ್ಕಿ ಗಿರಣಿಗೆ ಹೊಡೆಯಬೇಕು. ಇಪ್ಪತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಬಂದು ‘ಪಟ್ಟೆ ಕಮ್ಮಿ ಮಾಡು’ ಎಂದದ್ದಿಲ್ಲ. ‘ಶಿವಣ್ಣ ಕಟ್ಟಿದ ಪಟ್ಟೆ ಬಗ್ಗಲ್ಲ’ ಎಂಬ ಹೆಸರು ತೊಪ್ಪೂರು ಕಣಿವೆ ದಾಟಿ ಹೋಗಿತ್ತು. ಆ ಹೆಸರು ನನ್ನ ತಲೆಗೂ ಏರಿತ್ತು.

ಇನ್ನೊಂದು ಕಟ್ಟುಪಾಡೂ ನನ್ನ ಶೆಡ್ಡಿನಲ್ಲಿತ್ತು. ಗಾಡಿಯನ್ನು ಜಾಕಿಯ ಮೇಲೆ ಎತ್ತಿದ ಗಳಿಗೆಯಿಂದ, ಕೆಲಸ ಮುಗಿದು ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತುಳಿಸುವವರೆಗೆ, ಸಾವು, ಆಸ್ಪತ್ರೆ, ಆಕ್ಸಿಡೆಂಟು ಎಂಬ ಮಾತನ್ನು ಯಾರೂ ಎತ್ತಕೂಡದು. ಕಾಲಿಲ್ಲದೆ ನಿಂತ ಗಾಡಿಗೆ ಕಿವಿ ಚುರುಕು ಎಂದು ನನಗೆ ಕೆಲಸ ಕಲಿಸಿದ ಅಪ್ಪಯ್ಯ ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ. ಮೀರಿದವರಿಗೆ ನನ್ನ ಬಾಯಿಂದ ಬೀಳುತ್ತಿದ್ದ ಬೈಗುಳ ರಸ್ತೆಯಾಚೆಯ ಟೀ ಅಂಗಡಿಗೂ ಕೇಳುತ್ತಿತ್ತು.

ತೊಂಬತ್ತಾರನೇ ಇಸವಿ, ಮಹಾಲಯ ಅಮಾವಾಸ್ಯೆ ಕಳೆದು ನಾಲ್ಕೈದು ದಿನವಾಗಿತ್ತು. ತಿಮ್ಮಪ್ಪ ತನ್ನ ಹಳೆಯ ಮೆಟಡೋರ್ ವ್ಯಾನನ್ನು ತಂದು ನಿಲ್ಲಿಸಿದ. ಅವನು ಒಳಗಿನ ಹಟ್ಟಿಯವನು, ಅವನ ಮನೆಯವರು ಕುರಿ ಸಾಕುವವರು, ನಮ್ಮಂತೆಯೇ ಮನೆಯಲ್ಲಿ ಕನ್ನಡ ಆಡುವವರು. ಸಂತೆ ಸಂತೆಗೆ ಕುರಿ ಸಾಗಿಸುತ್ತಿದ್ದ. ದಿನವಿಡೀ ತಮಿಳಿನಲ್ಲೇ ಏಗುವ ನನಗೆ ಅವನು ಬಂದು ‘ಶಿವಣ್ಣಾ’ ಎಂದರೆ ಹೊಟ್ಟೆ ತಣ್ಣಗಾಗುತ್ತಿತ್ತು. ವ್ಯಾನಿನ ಹಿಂದೆ ಎಡಗಡೆ ಎರಡು ಪಟ್ಟೆ, ಬಲಗಡೆ ಒಂದು ಮುರಿದಿದ್ದವು. ಜಾಕಿ ಕೊಟ್ಟು ಎತ್ತಿ, ಮರದ ದಿಮ್ಮಿ ಇಟ್ಟು, ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಹೊಯ್ಯುತ್ತಿದ್ದೆ. ಅವನು ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕೂತ.

“ಅಣ್ಣ, ಮೆತ್ತಗೆ ಓಡಂಗೆ ಮಾಡ್ಕೊಡು. ಏಳು ಪಟ್ಟೆ ಇರೋ ಕಡೆ ಆರೇ ಆಕು.”

“ಯಾಕಲಾ? ನಿನ್ ಕುರಿಗಳಿಗೆ ತೊಟ್ಟಿಲು ಕಟ್ತಾ ಇದೀಯಾ?”

ಪಟ್ಟೆ ಕಾಯಿಸಿ ಬಾಗಿಸುವ ಪಳನಿಯಪ್ಪನ್ ಕುಲುಮೆಯ ಹತ್ತಿರದಿಂದಲೇ ನಕ್ಕ. ಅವನು ತಮಿಳಿನವನಾದರೂ ನನ್ನ ಜೊತೆಗಿದ್ದು ಕನ್ನಡ ತಿಳಿಯುತ್ತಿತ್ತು.

“ಕುರಿಗಲ್ಲಣ್ಣ,” ತಿಮ್ಮಪ್ಪ ನೆಲ ನೋಡುತ್ತ ಹೇಳಿದ. “ನಮ್ಮ ಮಾದಮ್ಮಂಗೆ... ಸೇಲಂ ಆಸ್ಪತ್ರೆಗೆ...”

“ಲೇ! ಬಾಯಿ ಮುಚ್ಚಲಾ! ಗಾಡಿ ಜಾಕಿ ಮ್ಯಾಲೆ ಐತೆ, ಕಣ್ ಕಾಣಾಕಿಲ್ವಾ? ಎಂಥಾ ಮಾತು ತೆಗೀತೀಯ ನನ್ ಶೆಡ್ಡಲ್ಲಿ?”

ಅವನು ಬಾಯಿ ಮುಚ್ಚಿದ. ಎದ್ದು ಹೋಗಿ ಹುಣಸೆಮರದ ಬುಡದ ಕಲ್ಲಿನ ಮೇಲೆ ಕೂತವನು ಸಂಜೆಯವರೆಗೆ ಮಾತೇ ಆಡಲಿಲ್ಲ. ದಿನಗಟ್ಟಲೆ ಕುರಿಯ ಹಿಂದೆ ಒಬ್ಬನೇ ಅಲೆದವನು, ಮೊದಲೇ ಮಾತು ಕಡಿಮೆ. ಇದ್ದ ಒಂದು ಮಾತನ್ನು ನಾನು ನುಂಗಿಸಿದ್ದೆ.

ಅವನು ಹೇಳಲು ಬಂದದ್ದು, ನನಗೆ ಆಮೇಲೆ ತಿಳಿದದ್ದು, ಇಷ್ಟು. ಹೆಂಡತಿ ಮಾದಮ್ಮನ ಬೆನ್ನುಮೂಳೆಯಲ್ಲಿ ಗಡ್ಡೆ ಬೆಳೆದಿತ್ತು. ಇಪ್ಪತ್ತೈದು ದಿನ ಸೇಲಂಗೆ ಹೋಗಿ ಕರೆಂಟು, ಅಂದರೆ ರೇಡಿಯೇಷನ್, ಇಡಿಸಬೇಕು, ನಡುವೆ ಬಿಟ್ಟರೆ ಇಟ್ಟದ್ದೆಲ್ಲ ದಂಡ, ಕಾಲು ಬಿದ್ದುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಲ್ಲೇ ಇರಲು ಬೆಡ್ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಕೂರಲು ಅವಳ ಕೈಲಾಗದು. ವ್ಯಾನಿನ ಹಿಂದೆ ಚಾಪೆ ಹಾಸಿ ಮಲಗಿಸಿ ನಾಲ್ಕು ದಿನ ಕರೆದುಕೊಂಡು ಹೋಗಿದ್ದ. ಮಳೆಗಾಲದ ರಸ್ತೆ, ಮುರಿದ ಪಟ್ಟೆ. ಒಂದೊಂದು ಗುಂಡಿಗೂ ಅವಳ ಬೆನ್ನಿಗೆ ಸುತ್ತಿಗೆಯೇಟು. ನಾಲ್ಕನೆಯ ದಿನ ವಾಪಸ್ ಬರುವಾಗ, ನೋವು ತಡೆಯಲು ಬಾಯಿಗೆ ತುರುಕಿಕೊಂಡ ಸೀರೆಯ ಸೆರಗು ಹಲ್ಲಿಗೆ ಸಿಕ್ಕು ಹರಿದಿತ್ತು. ‘ರೋಗಕ್ಕಿಂತ ಮುಂಚೆ ಈ ರೋಡೇ ನನ್ನ ಕೊಲ್ತೈತೆ, ನಾ ಬರಾಕಿಲ್ಲ’ ಎಂದುಬಿಟ್ಟಿದ್ದಳು. ವ್ಯಾನು ಮೆತ್ತಗಾದರೆ ಬರುತ್ತೀಯಾ ಎಂದು ಇವನು ಕೇಳಿದ್ದ. ನೋಡೋಣ ಎಂದಿದ್ದಳು. ಅವಳ ಇಪ್ಪತ್ತೊಂದು ದಿನದ ಕರೆಂಟು ಆ ಹೊತ್ತು ನನ್ನ ಕೈಯಲ್ಲಿತ್ತು. ನಾನು ಬೋಲ್ಟು ಬಿಚ್ಚುತ್ತ ಬೈಯುತ್ತಿದ್ದೆ.

ಹೊಸ ಪಟ್ಟೆಗಳನ್ನು ಜೋಡಿಸುವಾಗ ಪಳನಿಯಪ್ಪನ್ ಮೆಲ್ಲಗೆ, “ಅಣ್ಣೇ, ಅವರು ಸಾಫ್ಟಾ ತಾನೇ ಕೇಟ್ಟಾರು?” ಎಂದ. ಮೆತ್ತಗಿರಲಿ ಎಂದಲ್ಲವೇ ಕೇಳಿದ್ದು ಎಂದು ನೆನಪಿಸಿದ.

“ಅವನಿಗೇನು ಗೊತ್ತು? ಕುರಿ ಕಾಯೋನು,” ಎಂದೆ. ಪಟ್ಟೆ ಕಮ್ಮಿಯಾದರೆ ಬಿಲ್ಲು ಕಮ್ಮಿಯಾಗುತ್ತದೆ ಎಂದು ಹಾಗೆ ಕೇಳುತ್ತಿದ್ದಾನೆ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ನಮ್ಮವನು, ನಾಳೆ ಇಪ್ಪತ್ತು ಕುರಿ ಹೆಚ್ಚಿಗೆ ಹೇರಲಿ ಎಂದು ಆರರ ಬದಲು ಒಂದೊಂದು ಕಡೆಗೆ ಎಂಟು ಪಟ್ಟೆ ಬಿಗಿದೆ. ನೂಲು ಹಿಡಿದು ಚಕ್ರ ನೆಟ್ಟಗೆ ಮಾಡಿದೆ. ನಿಂಬೆಹಣ್ಣು ತುಳಿಸಿ, ಕರ್ಪೂರ ಹಚ್ಚಿದ ಮೇಲೆ ತಿಮ್ಮಪ್ಪನ ಬೆನ್ನು ತಟ್ಟಿ ಹೇಳಿದೆ:

“ನಮ್ಮೋನು ಅಂತ ಒಂದು ಪಟ್ಟೆ ಜಾಸ್ತಿನೇ ಆಕಿವ್ನಿ ಕಣಲಾ. ಎಂಟು! ಅದಕ್ಕೆ ಕಾಸು ಬ್ಯಾಡ.”

ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಬಾಯಿ ತೆರೆದ. ನನ್ನ ಮುಖ ನೋಡಿದ. ನಾನು ಹಲ್ಲು ಕಿರಿದು ನಿಂತಿದ್ದೆ.

“ಆಗ್ಲಣ್ಣ,” ಎಂದು ಕೈ ಮುಗಿದು ಹತ್ತಿ ಹೋದ. ಋಣ ತೀರಿಸಲಾಗದ ಸಂಕೋಚ ಎಂದು ನಾನು ಅಂದುಕೊಂಡೆ. ನಾನು ಎಂಥ ಕತ್ತೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾರನೆಯ ದಿನ ಒಮ್ಮೆ ಹೋಗಿ ಬಂದದ್ದು ಬಿಟ್ಟರೆ ಆಮೇಲೆ ಹತ್ತು ದಿನ ಆ ವ್ಯಾನು ರಸ್ತೆಯಲ್ಲಿ ಕಾಣಲಿಲ್ಲ. ಹನ್ನೊಂದನೆಯ ದಿನದಿಂದ ದಿನಾ ಬೆಳಗ್ಗೆ ಎಂಟು ಗಂಟೆಗೆ ಶೆಡ್ಡಿನ ಮುಂದೆ ಹಾದು ಸೇಲಂ ಕಡೆ ಹೋಗುತ್ತಿತ್ತು, ಸಂಜೆ ವಾಪಸ್. ಹಿಂದಿನ ಬಾಗಿಲು ಮುಚ್ಚಿ ಟಾರ್ಪಾಲು ಇಳಿಬಿಟ್ಟಿರುತ್ತಿತ್ತು. ಗಾಡಿ ಹಿಂದಕ್ಕೆ ಚೆನ್ನಾಗಿ ಕೂತು ಭಾರವಾಗಿ ಉರುಳುತ್ತಿತ್ತು. ನನಗೆ ಖುಷಿಯೋ ಖುಷಿ.

“ನೋಡೋ ಪಳನಿ, ಮೆತ್ತಗೆ ಬೇಕಂತೆ! ದಿನಾ ಎಂಥಾ ಲೋಡು ಹೊಡೀತಾವ್ನೆ ನೋಡು. ಆರು ಪಟ್ಟೆ ಆಕಿದ್ರೆ ಇಷ್ಟೊತ್ತಿಗೆ ಚಕ್ರ ಗಾಡಿ ಬಾಡೀಗೆ ತಗುಲ್ತಿತ್ತು.”

ಬಂದ ಡ್ರೈವರುಗಳಿಗೆಲ್ಲ ಇದನ್ನೇ ಹೇಳಿದೆ. ಅವರೂ ತಲೆಯಾಡಿಸಿದರು.

ಎರಡು ವಾರ ಕಳೆದಿರಬೇಕು. ಒಂದು ಶುಕ್ರವಾರ ಬೆಳಗ್ಗೆ ವ್ಯಾನು ರಸ್ತೆ ಬಿಟ್ಟು ಶೆಡ್ಡಿನ ಒಳಕ್ಕೇ ತಿರುಗಿತು. ತಿಮ್ಮಪ್ಪ ಇಳಿದ. ಅರ್ಧ ಆಳಾಗಿದ್ದ.

“ಅಣ್ಣ, ಸ್ಟೇರಿಂಗು ಎಡಕ್ಕೆ ಎಳೀತೈತೆ. ತೊಪ್ಪೂರು ಇಳಿಜಾರಲ್ಲಿ ಇಡ್ಕೊಂಡು ಇಡ್ಕೊಂಡು ತೋಳು ಬಿದ್ದೋಗೈತೆ. ಬೇಗ ಒಂದ್ ಕಿತ ನೂಲು ಇಡ್ದು ನೋಡ್ತೀಯಾ?”

ಬಗ್ಗಿ ನೋಡಿದೆ. ಎಡಗಡೆಯ ಟೈರು ಒಂದು ಅಂಚಿನಲ್ಲಿ ತಿಂದುಹೋಗಿತ್ತು. ಇಡೀ ಗಾಡಿ ಎಡಕ್ಕೆ ವಾಲಿ ನಿಂತಿತ್ತು. ನನ್ನ ಸಿಟ್ಟು ನೆತ್ತಿಗೇರಿತು.

“ಲೋಡೆಲ್ಲಾ ಒಂದೇ ಮಗ್ಗುಲಿಗೆ ಏರಿದ್ರೆ ನೂಲು ಏನಲಾ ಮಾಡ್ತೈತೆ? ಇಷ್ಟು ವರ್ಸ ಗಾಡಿ ಓಡ್ಸಿದೀಯ, ಬುದ್ಧಿ ಬ್ಯಾಡ್ವಾ?” ಎಂದು ಬೈಯುತ್ತಲೇ ಹೋಗಿ ಹಿಂದಿನ ಬಾಗಿಲು ತೆರೆದೆ.

ಎಡಗಡೆ ಸಾಲಾಗಿ ಹನ್ನೊಂದು ಗೋಣಿಮೂಟೆ. ಬಾಯಿ ಹೊಲಿದಿದ್ದರೂ ಸಂದಿಯಿಂದ ಕೆಮ್ಮಣ್ಣು ಉದುರಿತ್ತು. ಬಲಗಡೆ ಚಾಪೆ, ಚಾಪೆಯ ಮೇಲೆ ಎರಡು ಕಂಬಳಿ, ಕಂಬಳಿಯ ಮೇಲೆ ಮಾದಮ್ಮ. ಹಿಂದೆ ನಾನು ಅವಳ ಹಟ್ಟಿಗೆ ಹೋದಾಗ ಒಂದು ಕೈಯಲ್ಲಿ ಟಗರನ್ನು ಹಿಡಿದುಕೊಂಡೇ ನನಗೆ ಮಜ್ಜಿಗೆ ಕೊಟ್ಟವಳು. ಈಗ ಮೂಳೆ ಚಕ್ಕಳ ಬಿಟ್ಟರೆ ಏನೂ ಉಳಿದಿರಲಿಲ್ಲ.

“ಶಿವಣ್ಣನಾ? ಬಾಣ್ಣ,” ಎಂದಳು, ನಾನು ಅವಳ ಮನೆಯ ಬಾಗಿಲಿಗೆ ಬಂದಿದ್ದೇನೋ ಎಂಬಂತೆ. “ಏಳಾಕೆ ಆಗಲ್ಲ ಕಣಣ್ಣ, ತಪ್ಪು ತಿಳ್ಕೋಬ್ಯಾಡ.”

ನನ್ನ ಬಾಯಿಂದ ಬಂದದ್ದು, “ಈ ಮಣ್ಣು ಯಾಕೆ?” ಎಂಬ ಮಾತು.

ತಿಮ್ಮಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದ. ಅವಳೇ ಹೇಳಿದಳು. “ಪಟ್ಟೆ ಗಟ್ಟಿ ಅಲ್ವಾಣ್ಣ, ಖಾಲಿ ಗಾಡಿ ಕುಣೀತಿತ್ತು. ಮೊದಲ್ನೇ ದಿನ ತೊಪ್ಪೂರಲ್ಲಿ ನಂಗೆ ಗ್ಯಾನ ತಪ್ಪೋಯ್ತು. ಆಮ್ಯಾಕೆ ಹತ್ತು ದಿನ ಓಗ್ಲೇ ಇಲ್ಲ, ನಾನು ಒಲ್ಲೆ ಅಂದ್ಬಿಟ್ಟೆ. ಭಾರ ಇದ್ರೆ ತಾನೇ ಪಟ್ಟೆ ಬಗ್ಗೋದು ಅಂತ ಇವ್ರು ಒಲದಿಂದ ಮಣ್ಣು ತುಂಬ್ಕೊಂಡ್ರು. ಈಗ ಎಂಗೋ ತಡ್ಕೋತೀನಿ.”

ತಿಮ್ಮಪ್ಪನ ಕಡೆ ತಿರುಗಿದೆ. “ಯಾಕಲಾ ನಂಗೆ ಒಂದ್ ಮಾತು ಅನ್ಲಿಲ್ಲ? ಅರ್ಧ ದಿನದ ಕೆಲಸ. ಎರಡು ಪಟ್ಟೆ ತೆಗೆದ್ರೆ ಮುಗೀತಿತ್ತು.”

 ಒಳಗಿನಿಂದ ಮಾದಮ್ಮ ಹೇಳಿದಳು, “ಬ್ಯಾಡ ಅಂದೋಳು ನಾನೇ ಕಣಣ್ಣ. ನೀನು ನಮ್ಮೋರು ಅಂತ ಪ್ರೀತಿಯಿಂದ ಆಕ್ಕೊಟ್ಟಿದ್ದು. ಅದ್ನ ತೆಗಿ ಅಂತ ಯಾವ ಮಕ ಒತ್ಕೊಂಡು ಬರೋದು? ಉಡಿಗೆ ಕೊಟ್ಟದ್ನ ವಾಪಸ್ ಕೊಡ್ತಾರಾ?”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ನಾನು ಅಲ್ಲೇ ಅತ್ತೆ. ಹೆಂಗಸಿನ ಎದುರು, ಪಳನಿಯಪ್ಪನ್ ಎದುರು, ಗ್ರೀಸು ಹತ್ತಿದ ಕೈಯಲ್ಲಿ ಮುಖ ಒರೆಸಿಕೊಂಡು ಅತ್ತೆ.

ಈಗಲೇ ಪಟ್ಟೆ ಬಿಚ್ಚುತ್ತೇನೆ ಎಂದೆ. ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಾರೆ, ತಪ್ಪಿದರೆ ಆ ದಿನವೂ ಹೋಯಿತು ಎಂದು ತಿಮ್ಮಪ್ಪ ಹೇಳಿದ. ಮೂಟೆಗಳನ್ನು ಅವಳ ತಲೆಯ ಕಡೆ, ಕಾಲಿನ ಕಡೆ ಹಂಚಿ ಇಟ್ಟು ಗಾಡಿಯ ವಾಲು ತೆಗೆದೆವು. ನೂಲು ಹಿಡಿದೆ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಪಳನಿಯಪ್ಪನ್ ನನ್ನ ಕೈಯಿಂದ ನೂಲು ತೆಗೆದುಕೊಂಡು ತಾನೇ ನೋಡಿ, ಸರಿಮಾಡಿ ಕಳಿಸಿದ.

ಭಾನುವಾರ ಕರೆಂಟು ಇಡುವುದಿಲ್ಲ. ತಿಮ್ಮಪ್ಪ ವ್ಯಾನನ್ನು ಒಬ್ಬನೇ ತಂದ. ಮೂಟೆಗಳನ್ನು ಇಳಿಸಿ ಶೆಡ್ಡಿನ ಗೋಡೆಗೆ ಒರಗಿಸಿದೆವು. ಜಾಕಿ ಕೊಟ್ಟೆ. ಗಾಡಿ ಎದ್ದು ನಿಂತ ಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಈಗ ಏನೇನಾಯ್ತು ಎಲ್ಲಾ ಹೇಳು,” ಎಂದೆ.

ಅವನು ಗಾಡಿಯ ಕಡೆ ನೋಡಿದ. “ಜಾಕಿ ಮ್ಯಾಲೆ ಐತಲ್ಲಣ್ಣ.”

“ಇರ್ಲಿ, ಹೇಳು.”

ಅವನು ಹೇಳಿದ. ಗಡ್ಡೆ, ಡಾಕ್ಟರು, ಹರಿದ ಸೆರಗು, ಹಟ್ಟಿಯಲ್ಲೇ ಕಳೆದ ಹತ್ತು ದಿನ. ಎಡಗಾಲು ಆಗಲೇ ಮರಗಟ್ಟಿದೆ, ಡಾಕ್ಟರು ಯಾಕೆ ನಡುವೆ ಬಿಟ್ಟಿರಿ ಎಂದು ಬೈದರು ಎಂದ. ಇಪ್ಪತ್ತು ವರ್ಷ ನಾನು ಕಾಪಾಡಿಕೊಂಡು ಬಂದಿದ್ದ ಗಾಡಿಯ ಕಿವಿಗೆ ಎಲ್ಲವೂ ಬಿತ್ತು. ಅಪ್ಪಯ್ಯ ಇದ್ದಿದ್ದರೆ ಏನನ್ನುತ್ತಿದ್ದರೋ ಗೊತ್ತಿಲ್ಲ. ಗಾಡಿಯ ಕಿವಿ ಕಾಯುತ್ತ ಕೂತು ನನ್ನ ಕಿವಿಯನ್ನೇ ಮುಚ್ಚಿಕೊಂಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಂದೊಂದು ಕಡೆ ಎರಡೆರಡು ಪಟ್ಟೆ ತೆಗೆದು ಆರು ಉಳಿಸಿದೆ. ಉಳಿದವುಗಳ ನಡುವೆ ಗ್ರೀಸು ತುಂಬಿದೆ. ಪಟ್ಟೆ ತೆಗೆದರೆ ಗಾಡಿ ತಗ್ಗುತ್ತದೆ, ಚಕ್ರದ ನೇರ ಮತ್ತೆ ಬದಲಾಗುತ್ತದೆ. ಮೂರು ಸಲ ನೂಲು ಹಿಡಿದೆ. ಬಿಚ್ಚಿದ ನಾಲ್ಕು ಪಟ್ಟೆಗಳನ್ನು ಒಂದು ತಂತಿಯಲ್ಲಿ ಕಟ್ಟಿ ಮೂಲೆಗಿಟ್ಟೆ.

ಸೋಮವಾರ ಬೆಳಗ್ಗೆ ವ್ಯಾನು ಶೆಡ್ಡಿನ ಮುಂದೆ ನಿಂತಿತು. ನಾನು ಓಡಿಹೋಗಿ ಬಾಗಿಲು ತೆರೆದೆ.

“ತೊಟ್ಟಿಲು ಆಗೈತೆ ಕಣಣ್ಣ,” ಎಂದಳು ಮಾದಮ್ಮ. ನಾನು ಮೊದಲ ದಿನ ಮಾಡಿದ ತಮಾಷೆ ಗಂಡ ಹೇಳಿ ಅವಳಿಗೆ ಗೊತ್ತಿತ್ತು. ನಕ್ಕಳು. ನಾನು ಮೆಲ್ಲಗೆ ಬಾಗಿಲು ಮುಚ್ಚಿದೆ.

ಆ ವಾರ ಶನಿವಾರದವರೆಗೆ ವ್ಯಾನು ಹೋಗುವುದನ್ನು, ಬರುವುದನ್ನು ಕೆಲಸ ಬಿಟ್ಟು ನಿಂತು ನೋಡಿದೆ. ಮುಂದಿನ ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಎರಡು ದಿನವೂ ಜೋರು ಮಳೆ. ಮಳೆಗೆ ಹೋಗಿಲ್ಲ ಎಂದು ಪಳನಿಯಪ್ಪನ್ ಹೇಳಿದ, ನಾನು ನಂಬಿದ ಹಾಗೆ ಮಾಡಿದೆ. ಗೋಡೆಗೆ ಒರಗಿಸಿದ್ದ ಮೂಟೆಗಳ ಸಂದಿಯಿಂದ ಹುರುಳಿ ಮೊಳಕೆ ಒಡೆದು ಎರಡೆರಡು ಎಲೆ ಬಿಟ್ಟಿತ್ತು. ಹೊಲದ ಮಣ್ಣಿನಲ್ಲಿ ಕಾಳು ಉಳಿದಿತ್ತೆಂದು ಕಾಣುತ್ತದೆ.

ಗುರುವಾರ ಮಧ್ಯಾಹ್ನ ತಿಮ್ಮಪ್ಪ ಬಂದ. ಇಳಿದವನು ನನ್ನ ಹತ್ತಿರ ಬರದೆ ಸೀದಾ ಮೂಟೆಗಳ ಹತ್ತಿರ ಹೋಗಿ ನಿಂತ.

“ಮಣ್ಣು ತಗೊಂಡೋಗ್ತೀನಣ್ಣ. ಒಲದಲ್ಲೇ ಮಣ್ಣು ಮಾಡಿದ್ವಿ. ಮಳೆ ಉಯ್ದು ಗುಂಡಿ ಮ್ಯಾಲೆ ಕುಸಿದೈತೆ. ಅದೇ ಒಲದ ಮಣ್ಣಲ್ವಾ, ಇದ್ನೇ ಮುಚ್ಚಾಣ ಅಂತ.”

ಭಾನುವಾರ ಸಂಜೆ ಮಾದಮ್ಮ ಹೋಗಿದ್ದಳು. ಇನ್ನು ಎಷ್ಟು ದಿನದ ಕರೆಂಟು ಬಾಕಿ ಉಳಿದಿತ್ತೋ, ನಾನು ಕೇಳಲಿಲ್ಲ. ಆ ಹತ್ತು ದಿನ ತಪ್ಪದಿದ್ದರೆ ಬದುಕುತ್ತಿದ್ದಳೇ ಎಂಬುದನ್ನೂ ಕೇಳಲಿಲ್ಲ. ಗಡ್ಡೆ ದೊಡ್ಡದಿತ್ತು, ಹೇಗೂ ಉಳಿಯುತ್ತಿರಲಿಲ್ಲ ಎಂದು ಪಳನಿಯಪ್ಪನ್ ಇವತ್ತಿಗೂ ಹೇಳುತ್ತಾನೆ. ಒಳ್ಳೆಯ ಮನುಷ್ಯ, ಹಾಗೆ ಹೇಳುವುದು ಅವನ ಧರ್ಮ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದೇ ಎಂದು ನಮ್ಮವ್ವ ಅನ್ನುತ್ತಿದ್ದಳು.

ಮೂವರೂ ಸೇರಿ ಮೂಟೆಗಳನ್ನು ವ್ಯಾನಿಗೆ ಹೇರಿದೆವು. ಮೊಳಕೆ ಮುರಿಯದ ಹಾಗೆ ತಿಮ್ಮಪ್ಪ ಒಂದೊಂದನ್ನೂ ಎರಡು ಕೈಯಲ್ಲಿ ತಬ್ಬಿ ಎತ್ತುತ್ತಿದ್ದ. ಆರು ಪಟ್ಟೆಯ ಗಾಡಿ ಒಂದೊಂದು ಮೂಟೆಗೂ ತಗ್ಗುತ್ತ ಹೋಗಿ, ಹನ್ನೊಂದನೆಯದಕ್ಕೆ ಹಿಂಭಾಗ ನೆಲದ ಹತ್ತಿರಕ್ಕೆ ಬಂತು. ಮುಂದೆ ಸಂತೆಗೆ ಕುರಿ ಹೇರಬೇಕಾದವನು, ಇದರಲ್ಲಿ ಏನು ಮಾಡಿಯಾನು? ತಂತಿಯಲ್ಲಿ ಕಟ್ಟಿಟ್ಟಿದ್ದ ಪಟ್ಟೆಗಳನ್ನು ತಂದು ಅವನ ಮುಂದೆ ಇಟ್ಟೆ.

“ತಿಮ್ಮಪ್ಪ, ಅರ್ಧ ದಿನ ಇರು. ಇವನ್ನ ವಾಪಸ್ ಆಕ್ಬಿಡ್ತೀನಿ. ಇನ್ನು ನಿಂಗೆ ಲೋಡಿಗೆ ಬೇಕಾಗ್ತೈತೆ.”

ಅವನು ಪಟ್ಟೆಗಳನ್ನು ನೋಡಿದ. ಬಾಗಿ ಒಂದನ್ನು ಮುಟ್ಟಿದ.

“ನಾಳೆ ಆಕಣ್ಣ,” ಎಂದ. “ಇವತ್ತೊಂದಿನ ಮೆತ್ತಗೇ ಓಗ್ಲಿ.”

ಹತ್ತಿ ಕೂತು ಗಾಡಿ ತಿರುಗಿಸಿದ. ಹಟ್ಟಿಗೆ ಹೋಗುವ ಮಣ್ಣುದಾರಿ ನನ್ನ ಶೆಡ್ಡಿನಿಂದ ಬಹಳ ದೂರದವರೆಗೆ ಕಾಣುತ್ತದೆ. ಮಳೆಗೆ ಅದು ಗುಂಡಿ ಬಿದ್ದು ಕೆಟ್ಟುಹೋಗಿತ್ತು. ಹಿಂದೆ ಮಣ್ಣಿನ ಮೂಟೆ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಅವನು ಒಂದೊಂದು ಗುಂಡಿಯ ಹತ್ತಿರವೂ ನಿಧಾನ ಮಾಡಿ, ಬಳಸಿಕೊಂಡು, ಬಳಸಿಕೊಂಡು ಹೋದ.